ಮೊಹರು ಹಾಕಿಸಿಕೊಂಡು ಬನ್ನಿ

(ಹಾಸನದಲ್ಲಿ ಹಾಸ್ಟೆಲ್ ವಿದ್ಯಾರ್ಥಿಗಳ ಮುಂದೆ ಆಡಿದ ಮಾತು)



ನಾವು ವಕೀಲರಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇವೆ. ಯಾಕಂದ್ರೆ ಕಾಲೋನಿಗೆ ಹೋದರೆ ನಮ್ಮವರೇ 'ಲಾಯರ್ ಸಾಹೇಬ್ರು ಬಂದ್ರು' ಅಂತ ಎದ್ದು ನಿಲ್ಲುತ್ತಾರೆ. ಕರಿಕೋಟು ನಮಗಿಲ್ಲ. ಕೋರ್ಟಿನಲ್ಲಿ ನಿಂತು ವಾದ ಮಾಡುವ ಅಧಿಕಾರ ಇಲ್ಲ. ಫೀಸು ಕೇಳುವ ಹಾಗಿಲ್ಲ. ನಮ್ಮ ಕೊರಳಲ್ಲಿರೋದು ಒಂದು ಗುರುತಿನ ಕಾರ್ಡು, ಅಷ್ಟೇ. ಅದನ್ನು ಕೊಟ್ಟದ್ದು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ. ಹೆಸರು ಪ್ಯಾರಾ ಲೀಗಲ್ ವಾಲಂಟಿಯರ್, ಅಂದರೆ ಅರೆಕಾನೂನು ಸ್ವಯಂಸೇವಕ. ನಮ್ಮ ಗೆಳೆಯರು ತಮಾಷೆಗೆ ಅರೆಲಾಯರಿಗಳು ಅಂತಾರೆ. ಅನ್ನಲಿ ಬಿಡಿ.

ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ, ಈ ನಾಲ್ಕು ತಾಲ್ಲೂಕಿನ ಕೇರಿಗಳಲ್ಲಿ ಓಡಾಡುವವರು ನಾವು. ನಮ್ಮಲ್ಲಿ ಅರ್ಧಕ್ಕೆ ಅರ್ಧ ಜನ ನಿಮ್ಮ ಹಾಗೇ ಹಾಸ್ಟೆಲ್ಲಿನ ನೀರುಸಾರು ಉಂಡು ಓದಿದವರು. ಆಲೂಗೆಡ್ಡೆ ಕೀಳೋಕೆ, ಹೊಗೆಸೊಪ್ಪು ಮುರಿಯೋಕೆ, ತೆಂಗಿನಕಾಯಿ ಸುಲಿಯೋಕೆ ಹೋಗುವ ಅಪ್ಪ ಅವ್ವಂದಿರ ಮಕ್ಕಳು. ಒಂದು ದಿನ ಕಚೇರಿಗೆ ಹೋಗಬೇಕು ಅಂದರೆ ಒಂದು ದಿನದ ಕೂಲಿ ಹೋಯ್ತು, ಬಸ್ಸಿನ ಕಾಸು ಹೋಯ್ತು ಅನ್ನೋ ಲೆಕ್ಕ ನಮಗೆ ಯಾರೂ ಕಲಿಸಬೇಕಾಗಿಲ್ಲ.

ಹಿಂದೊಂದು ಸಲ ಒಬ್ಬ ತಮ್ಮ ಕೇಳಿದ: 'ಅಣ್ಣಾ, ಇದಕ್ಕೆ ಲೈಸೆನ್ಸು ಕೊಡ್ತಾರಾ? ಇದರಲ್ಲೇ ಜೀವನ ಆಗತ್ತಾ?' ಪ್ರಶ್ನೆ ಸರಿಯಾಗಿದೆ. ಕೆನಡಾದ ಒಂಟಾರಿಯೋ ಪ್ರಾಂತ್ಯದಲ್ಲಿ 2007ರಿಂದ ಪ್ಯಾರಾ ಲೀಗಲ್‌ಗಳಿಗೆ ಪರೀಕ್ಷೆ ಇದೆ, ಲೈಸೆನ್ಸ್ ಇದೆ. ಸಣ್ಣ ಮೊತ್ತದ ದಾವೆಗಳಲ್ಲಿ ಅವರೇ ನಿಂತು ವಾದಿಸಬಹುದು, ಫೀಸೂ ತಗೋಬಹುದು. ನಮ್ಮ ದೇಶದಲ್ಲಿ ಹಾಗಿಲ್ಲ. ಇಲ್ಲಿ 1961ರ ವಕೀಲರ ಕಾಯ್ದೆ ಇದೆ. ವಕೀಲರಲ್ಲದವರು ವಕೀಲಿ ನಡೆಸಿದರೆ ಆರು ತಿಂಗಳವರೆಗೆ ಜೈಲು. ಹಾಗಾಗಿ ನಮ್ಮದು ಉದ್ಯೋಗ ಅಲ್ಲ. ಕೆಲಸಕ್ಕೆ ಹಾಕಿದ ದಿನಕ್ಕೆ ಒಂದಿಷ್ಟು ಗೌರವಧನ, ಅದೂ ಬಂದಾಗ ಬಂತು. ಜೀವನ ಆಗತ್ತಾ ಅಂದರೆ, ಆಗಲ್ಲ ತಮ್ಮಾ. ನೀನು ಓದು, ನೌಕರಿ ಹಿಡಿ. ಇದನ್ನು ಅದರ ಜೊತೆಗೆ ಮಾಡು.

ಹಾಗಾದರೆ ವಾದ ಮಾಡದವನು ಏನು ಮಾಡ್ತಾನೆ? ಇದಕ್ಕೆ ಒಬ್ಬ ತಾತನ ಕತೆ ಹೇಳಬೇಕು.

ನಮ್ಮ ನಾಲ್ಕು ತಾಲ್ಲೂಕಿನಲ್ಲೇ ಒಂದು ಊರು. ತಾತ ಒಂದು ಪ್ಲಾಸ್ಟಿಕ್ ಚೀಲದಲ್ಲಿ ಕಾಗದ ತಂದ. ಬಿಚ್ಚಿದರೆ ಒಳಗೆ ಮಡಿಕೆಯಲ್ಲಿ ಹರಿದ ಸಾಗುವಳಿ ಚೀಟಿ. ಅವನ ಅಪ್ಪನಿಗೆ ಸರ್ಕಾರ ಎರಡು ಎಕರೆ ಮಂಜೂರು ಮಾಡಿತ್ತು. ಪರಭಾರೆ ಮಾಡಬಾರದು ಅಂತ ಅದರಲ್ಲೇ ಷರತ್ತು ಬರೆದಿದೆ. ಮನೆಯಲ್ಲಿ ಒಂದು ಕಾಯಿಲೆ, ಒಂದು ಮದುವೆ. ಊರಿನ ದೊಡ್ಡವರ ಹತ್ತಿರ ಸಾಲ. ಕೊನೆಗೆ ಹೆಬ್ಬೆಟ್ಟು. ಭೂಮಿ ಹೋಯ್ತು. ತಾತ ಈಗ ಆ ಹೊಲದಲ್ಲೇ ಕೂಲಿ ಮಾಡ್ತಾನೆ.

ಇಂಥ ಭೂಮಿಗೇ ಅಂತ ಕರ್ನಾಟಕದಲ್ಲಿ ಒಂದು ಕಾಯ್ದೆ ಇದೆ. 1978ರದು, 1979ರ ಜನವರಿ 1ರಿಂದ ಜಾರಿ. ನಾವು ಪಿಟಿಸಿಎಲ್ ಅಂತೀವಿ. ಪರಿಶಿಷ್ಟ ಜಾತಿ, ಪಂಗಡದವರಿಗೆ ಮಂಜೂರಾದ ಜಮೀನನ್ನು ಷರತ್ತು ಮೀರಿ ಕೊಂಡಿದ್ದರೆ ಆ ಕ್ರಯ ಊರ್ಜಿತವಲ್ಲ. ಕಾಯ್ದೆ ಬಂದ ಮೇಲೆ ಸರ್ಕಾರದ ಅನುಮತಿ ಇಲ್ಲದೆ ಕೊಂಡಿದ್ದರೂ ಊರ್ಜಿತವಲ್ಲ. ಉಪವಿಭಾಗಾಧಿಕಾರಿ ಅದನ್ನು ಬಿಡಿಸಿ ಮೂಲ ಮಂಜೂರಾತಿದಾರನಿಗೆ, ಅವನಿಲ್ಲದಿದ್ದರೆ ವಾರಸುದಾರರಿಗೆ ಕೊಡಿಸಬೇಕು. ಭೂಮಾಲೀಕರು ಇದರ ಮೇಲೆ ಸುಪ್ರೀಂ ಕೋರ್ಟಿಗೆ ಹೋದರು. 1984ರಲ್ಲಿ ಮಂಚೇಗೌಡ ಪ್ರಕರಣದಲ್ಲಿ ಕೋರ್ಟು ಕಾಯ್ದೆಯನ್ನು ಎತ್ತಿಹಿಡಿಯಿತು.

ತಾತನಿಗೆ ನಾವು ಕೇಳಿದೆವು: 'ಅರ್ಜಿ ಕೊಟ್ಟಿಲ್ವಾ ತಾತಾ?'

'ಕೊಟ್ಟಿವ್ನಿ ಕನಪ್ಪ. ಮೂರ್ ಸಲ ಕೊಟ್ಟಿವ್ನಿ.'

'ಯಾವಾಗ?'

'ನನ್ ದೊಡ್ ಮಗ ಉಟ್ಟಿದ್ ವರ್ಸ ಒಂದ್ಸಲ...'

'ಮೊಹರು ಹಾಕಿದ ಕಾಗದ ಇದೆಯಾ?'

ಇಲ್ಲ. 'ಇಟ್ಟೋಗು, ನೋಡ್ತೀವಿ' ಅಂದರಂತೆ. ತಾತ ಕೈಮುಗಿದು, ಇಟ್ಟು ಬಂದ. ಮೂರು ಸಲವೂ ಹಾಗೇ. ಯಾವ ಕಚೇರಿ, ಯಾವ ಗುಮಾಸ್ತೆ ಅಂತ ಇಲ್ಲಿ ಹೇಳಲ್ಲ. ಎಲ್ಲ ಕಡೆಯೂ ಇದೇ ಮಾತು ಕೇಳಿಬರುತ್ತೆ.

ಆ ಮೊಹರಿಗೆ ಆಗ ಬೆಲೆ ಗೊತ್ತಿರಲಿಲ್ಲ. 2017ರಲ್ಲಿ ಗೊತ್ತಾಯ್ತು. ಆ ವರ್ಷ ನೆಕ್ಕಂಟಿ ರಾಮಲಕ್ಷ್ಮಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ಕಾಯ್ದೆಯಲ್ಲಿ ಕಾಲಮಿತಿ ಬರೆದಿಲ್ಲದಿದ್ದರೂ ಅರ್ಜಿ ಸಮಂಜಸ ಅವಧಿಯೊಳಗೆ ಬರಬೇಕು ಅಂತ ಹೇಳಿತು. ಅದರ ಮೇಲೆ ರಾಜ್ಯದ ಉದ್ದಗಲಕ್ಕೂ ನಮ್ಮವರ ಅರ್ಜಿಗಳು 'ತಡವಾಗಿದೆ' ಅನ್ನೋ ಒಂದೇ ಮಾತಿನಿಂದ ಬಿದ್ದುಹೋದವು. ತಾತ ತಡ ಮಾಡಿರಲಿಲ್ಲ. ಆದರೆ ತಡ ಮಾಡಿರಲಿಲ್ಲ ಅನ್ನೋದಕ್ಕೆ ಅವನ ಹತ್ತಿರ ಬೆರಳಗಲ ಕಾಗದ ಇರಲಿಲ್ಲ. ಬೆಂಗಳೂರಿನಲ್ಲಿ ನಮ್ಮ ಜನ ತಿಂಗಳುಗಟ್ಟಲೆ ಧರಣಿ ಕೂತ ಮೇಲೆ 2023ರಲ್ಲಿ ಸರ್ಕಾರ ಕಾಯ್ದೆಗೆ ತಿದ್ದುಪಡಿ ತಂದು, ಕಾಲಮಿತಿ ಇಲ್ಲ ಅಂತ ಬರೆಯಿತು. ಅದಾದ ಮೇಲೂ ಹೈಕೋರ್ಟಿನಲ್ಲಿ ವಿಳಂಬದ ವಾದ ಸತ್ತಿಲ್ಲ. ಆದ್ದರಿಂದ ಯಾರ ಮನೆಯಲ್ಲಿ ಇಂಥ ಕಾಗದ ಇದೆಯೋ ಅವರು 'ತಿದ್ದುಪಡಿ ಆಗಿದೆಯಲ್ಲ' ಅಂತ ನೆಮ್ಮದಿಯಾಗಿ ಮಲಗಬೇಡಿ. ಈ ರಜೆಗೆ ಊರಿಗೆ ಹೋದಾಗ ಅಟ್ಟದ ಮೇಲಿನ ಟ್ರಂಕು ಇಳಿಸಿ ನೋಡಿ.

ನಮ್ಮ ಜನ ಕೋರ್ಟಿನಲ್ಲಿ ಸೋಲೋದು ಕಡಿಮೆ. ಅವರು ಕೋರ್ಟಿನವರೆಗೆ ಬರೋದೇ ಇಲ್ಲ. ಅದಕ್ಕೂ ಮೊದಲೇ, ಗುಮಾಸ್ತೆಯ ಮೇಜಿನ ಮುಂದೆ, ಠಾಣೆಯ ಬೆಂಚಿನ ಮೇಲೆ, ನಾಡಕಚೇರಿಯ ಕಿಟಕಿಯಲ್ಲಿ ಸೋತು ಮನೆಗೆ ಹೋಗಿರ್ತಾರೆ. ವಕೀಲ ನಿಲ್ಲೋದು ನ್ಯಾಯಾಧೀಶರ ಮುಂದೆ. ಈ ಮೇಜಿನ ಮುಂದೆ, ಈ ಬೆಂಚಿನ ಪಕ್ಕದಲ್ಲಿ ನಿಲ್ಲೋಕೆ ಯಾರೂ ಇರಲಿಲ್ಲ. ಅಲ್ಲಿ ನಿಲ್ಲೋದೇ ನಮ್ಮ ಕೆಲಸ.

ಪಿಟಿಸಿಎಲ್ ಕಾಯ್ದೆಯ 5ನೇ ಕಲಮನ್ನು ನೀವೆಲ್ಲ ಒಂದು ಸಲ ಓದಬೇಕು. ಹಿತಾಸಕ್ತಿ ಇರುವವರು ಅರ್ಜಿ ಕೊಡಬಹುದು ಅಂತ ಇದೆ. ಅಷ್ಟಕ್ಕೇ ನಿಲ್ಲಲ್ಲ, 'ಯಾವುದೇ ವ್ಯಕ್ತಿ' ಲಿಖಿತವಾಗಿ ಮಾಹಿತಿ ಕೊಟ್ಟರೂ ಉಪವಿಭಾಗಾಧಿಕಾರಿ ವಿಚಾರಣೆ ಮಾಡಬಹುದು. ಯಾವುದೇ ವ್ಯಕ್ತಿ ಅಂದರೆ ಯಾರು? ನೀವೇ. ಪಿಯುಸಿ ಓದುವ ಹುಡುಗಿಯೂ ಆಗಬಹುದು. ಸಾಗುವಳಿ ಚೀಟಿಯ ನಕಲು, ಪಹಣಿ, ಕ್ರಯಪತ್ರದ ನಕಲು ಸಿಕ್ಕಿದರೆ ಅದು, ವಂಶವೃಕ್ಷ, ಜಾತಿ ಪ್ರಮಾಣಪತ್ರ ಜೋಡಿಸಿ, ಎರಡು ಪ್ರತಿ ಮಾಡಿ, ಒಂದನ್ನು ಕೊಟ್ಟು ಇನ್ನೊಂದಕ್ಕೆ ಮೊಹರು, ತಾರೀಖು, ಸಹಿ ಹಾಕಿಸಿಕೊಳ್ಳೋದು. ಹಾಕಲ್ಲ ಅಂದರೆ ಜಗಳ ಬೇಡ, ಅಂಚೆ ಕಚೇರಿಗೆ ಹೋಗಿ ಸ್ಪೀಡ್ ಪೋಸ್ಟ್ ಮಾಡಿ ರಸೀದಿ ಇಟ್ಟುಕೊಳ್ಳಿ. ಉಪವಿಭಾಗಾಧಿಕಾರಿ ಹಾಸನದಲ್ಲಿ ಒಬ್ಬರು, ಸಕಲೇಶಪುರದಲ್ಲಿ ಒಬ್ಬರು ಇದ್ದಾರೆ. ನಿಮ್ಮ ತಾಲ್ಲೂಕು ಯಾರ ಕೆಳಗೆ ಬರುತ್ತೆ ಅಂತ ತಾಲ್ಲೂಕು ಕಚೇರಿಯಲ್ಲಿ ಕೇಳಿಕೊಂಡೇ ಬಸ್ಸು ಹತ್ತಿ. ಸುಮ್ಮನೆ ಒಂದು ದಿನ ಹಾಳಾಗೋದು ಬೇಡ.

ಅರ್ಜಿ ವಜಾ ಆದರೆ? ಜಿಲ್ಲಾಧಿಕಾರಿಗೆ ಅಪೀಲು, ಮೂರು ತಿಂಗಳೊಳಗೆ. ಅಲ್ಲಿಗೆ ಬಂದಾಗ ನಾವು ಪಕ್ಕಕ್ಕೆ ಸರಿದು ವಕೀಲರನ್ನು ಕರೆಯಬೇಕು. ವಕೀಲರಿಗೆ ಕಾಸು ಎಲ್ಲಿಂದ ತರೋದು ಅಂತೀರಾ? ತರಬೇಕಾಗಿಲ್ಲ. ಬಡವರಿಗೆ ಉಚಿತ ಕಾನೂನು ನೆರವು ಕೊಡಬೇಕು ಅಂತ ಸಂವಿಧಾನದ 39ಎ ವಿಧಿ ಹೇಳುತ್ತೆ, 1976ರ 42ನೇ ತಿದ್ದುಪಡಿಯಲ್ಲಿ ಸೇರಿದ್ದು. ತುರ್ತುಪರಿಸ್ಥಿತಿಯ ಕಾಲದ ತಿದ್ದುಪಡಿ ಅದು. ಜನರ ಬಾಯಿಗೆ ಬೀಗ ಹಾಕಿದ ಕಾಲದಲ್ಲಿ ಬಡವರಿಗೆ ವಕೀಲರನ್ನು ಕೊಡುವ ಮಾತು ಸಂವಿಧಾನಕ್ಕೆ ಬಂತು ಅನ್ನೋದು ವಿಚಿತ್ರ, ಆದರೆ ನಿಜ. ಅದನ್ನು ನಡೆಸೋಕೆ 1987ರಲ್ಲಿ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆ ಮಾಡಿದರು, ಜಾರಿಗೆ ಬಂದದ್ದು 1995ರ ನವೆಂಬರ್ 9ಕ್ಕೆ. ಎಂಟು ವರ್ಷ ಕಾಗದದಲ್ಲೇ ಮಲಗಿತ್ತು. ಅದರ 12ನೇ ಕಲಮಿನಲ್ಲಿ ಪರಿಶಿಷ್ಟ ಜಾತಿ, ಪಂಗಡದವರಿಗೆ ಆದಾಯದ ಮಿತಿ ಇಲ್ಲ. ಹೆಂಗಸರಿಗೆ, ಮಕ್ಕಳಿಗೆ, ಅಂಗವಿಕಲರಿಗೆ, ಕಾರ್ಖಾನೆ ಕಾರ್ಮಿಕರಿಗೆ, ಪೊಲೀಸ್ ವಶದಲ್ಲೋ ಜೈಲಿನಲ್ಲೋ ಇರುವವರಿಗೆ, ಜಾತಿ ದೌರ್ಜನ್ಯಕ್ಕೆ ತುತ್ತಾದವರಿಗೂ ಇಲ್ಲ. ವಕೀಲರ ಫೀಸು ಮಾತ್ರ ಅಲ್ಲ, ಕೋರ್ಟು ಶುಲ್ಕ, ನಕಲು ತೆಗೆಸುವ ಖರ್ಚು ಕೂಡ ಅವರದೇ. ತಾಲ್ಲೂಕಿನಲ್ಲಿ ಕೋರ್ಟಿರುವ ಜಾಗದಲ್ಲೇ ತಾಲ್ಲೂಕು ಕಾನೂನು ಸೇವಾ ಸಮಿತಿ ಇರುತ್ತೆ. ಹೊಳೆನರಸೀಪುರದವರು, ಅರಕಲಗೂಡಿನವರು, ಚನ್ನರಾಯಪಟ್ಟಣದವರು ಇದಕ್ಕಾಗಿ ಹಾಸನಕ್ಕೆ ಬರಬೇಕಾಗಿಲ್ಲ. ಫೋನು ಮಾಡೋದಾದರೆ 15100. ಕಾಸಿಲ್ಲ.

ಒಂದು ಎಚ್ಚರಿಕೆಯ ಮಾತು. ಲೋಕ ಅದಾಲತ್ ಒಳ್ಳೇದೇ. ರಾಜಿಯಾದರೆ ಕಟ್ಟಿದ ಕೋರ್ಟು ಶುಲ್ಕ ವಾಪಸ್ಸು ಬರುತ್ತೆ. ಆದರೆ ಅಲ್ಲಿ ಒಪ್ಪಿ ಸಹಿ ಹಾಕಿದ ಮೇಲೆ ಅಪೀಲಿಲ್ಲ. ಅಪಘಾತದಲ್ಲಿ ಗಂಡನ್ನ ಕಳಕೊಂಡ ಹೆಂಗಸನ್ನು ಮುಂದೆ ಕೂರಿಸಿ 'ಇಷ್ಟಕ್ಕೆ ಒಪ್ಪಿಕೋ ತಾಯಿ, ಇಲ್ಲದಿದ್ರೆ ವರ್ಷಗಟ್ಟಲೆ ಅಲೀಬೇಕು' ಅಂದರೆ ಅವಳು ಒಪ್ಪಿಕೊಳ್ಳದೆ ಏನು ಮಾಡ್ತಾಳೆ? ಪಕ್ಕದಲ್ಲಿ ನಾವಿದ್ದರೆ ಒಂದೇ ಮಾತು ಹೇಳ್ತೀವಿ: 'ಅಕ್ಕಾ, ಊಟ ಮಾಡಿ ಬಂದು ಸಹಿ ಹಾಕು.' ಅರ್ಧ ಗಂಟೆ ಯೋಚನೆ ಮಾಡೋಕೆ ಬಿಟ್ಟರೆ ಅವಳಿಗೇ ಲೆಕ್ಕ ಹೊಳೆಯುತ್ತೆ.

ಇನ್ನು ಠಾಣೆಯ ವಿಷಯ. ಇಲ್ಲಿ ನಮ್ಮದೇ ತಪ್ಪೊಂದನ್ನು ಒಪ್ಪಿಕೊಳ್ಳಬೇಕು.

ಒಂದು ಊರಿನಲ್ಲಿ ನೀರಿನ ಟ್ಯಾಂಕಿನ ಹತ್ತಿರ ಒಬ್ಬ ತಾಯಿಗೆ ಬೈದು, ಕೊಡ ಒದ್ದರು. ನಾವು ಮೂವರು ಹುಡುಗರು ಹೋಗಿ ದೂರು ಬರೆದೆವು. 'ಜಾತಿ ನಿಂದನೆ ಮಾಡಿ ಅವಾಚ್ಯ ಶಬ್ದಗಳಿಂದ ಬೈದರು' ಅಂತ ಚೆಂದವಾಗಿ, ಸಾಹಿತ್ಯದ ಭಾಷೆಯಲ್ಲಿ ಬರೆದೆವು. ಏನು ಶಬ್ದ ಅಂತ ಬರೆಯಲಿಲ್ಲ. ಕೇಳಿದ್ದಕ್ಕೆ ಆ ತಾಯಿ, 'ಆ ಮಾತ ನಿಮ್ ಮುಂದೆ ಎಂಗಪ್ಪ ಯೋಳ್ಲಿ' ಅಂತ ಸೆರಗು ಬಾಯಿಗೆ ಹಿಡಿದರು. ನಾವು ಬಿಟ್ಟುಬಿಟ್ಟೆವು. ಮರ್ಯಾದೆ ಅಂದುಕೊಂಡೆವು. ಆಮೇಲೆ ವಕೀಲರು ಓದಿ ತಲೆ ಚಚ್ಚಿಕೊಂಡರು. ಯಾವ ಮಾತು? ಯಾರು ಆಡಿದ್ದು? ಯಾರಿಗೆ ಕೇಳಿಸಿತು? ಎಲ್ಲಿ? 2020ರಲ್ಲಿ ಹಿತೇಶ್ ವರ್ಮಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಹೇಳಿದೆ, ಹೊರಗಿನವರು ಯಾರೂ ಇಲ್ಲದೆ ನಾಲ್ಕು ಗೋಡೆಯ ಒಳಗೆ ಬೈದದ್ದು 'ಸಾರ್ವಜನಿಕರ ಕಣ್ಣೆದುರು' ಆಗಲ್ಲ ಅಂತ. ಟ್ಯಾಂಕು ಬೀದಿಯಲ್ಲಿತ್ತು. ನಾಲ್ಕು ಜನ ನೋಡ್ತಿದ್ದರು. ಎಲ್ಲ ಇತ್ತು. ನಮ್ಮ ಕಾಗದದಲ್ಲಿ ಇರಲಿಲ್ಲ.

ಎರಡನೇ ದಿನ ನಮ್ಮ ಜೊತೆಗೆ ಒಬ್ಬ ತಂಗಿ ಬಂದಳು, ಹಾಸ್ಟೆಲ್ಲಿನ ಹುಡುಗಿ. ಅವಳು ಆ ತಾಯಿಯನ್ನು ಒಳಗೆ ಕರಕೊಂಡು ಹೋಗಿ ಬಾಗಿಲು ಹಾಕಿಕೊಂಡಳು. ಹೊರಗೆ ಬಂದಾಗ ಹಾಳೆಯ ತುಂಬ ಬರೆದಿತ್ತು. ಒಂದೊಂದು ಮಾತೂ ಹಾಗೇ. ಅದನ್ನು ಹೇಳಿಕೆಯಲ್ಲಿ ಸೇರಿಸೋಕೆ ಮತ್ತೆ ಎಷ್ಟು ಅಲೆದಾಟ! 'ಮೊದಲೇ ಯಾಕೆ ಹೇಳಲಿಲ್ಲ, ಆಮೇಲೆ ಯಾರೋ ಹೇಳಿಕೊಟ್ಟಿದ್ದಾರೆ' ಅನ್ನೋ ಮಾತು ಎದುರು ಪಕ್ಷದಿಂದ ಬಂದೇ ಬಂತು. ಆ ಒಂದು ದಿನದ ಬೆಲೆ ಆ ತಾಯಿ ಕೊಟ್ಟರು, ನಾವು ಕೊಡಲಿಲ್ಲ. ಅವತ್ತಿನಿಂದ ಹೆಂಗಸರ ದೂರು ಬರೆಯೋಕೆ ನಾವು ಗಂಡಸರು ಮುಂದೆ ಕೂರಲ್ಲ. ಹುಡುಗಿಯರು ಈ ಕೆಲಸಕ್ಕೆ ಬರಬೇಕು ಅಂತ ನಾವು ಗೋಗರೆಯೋದು ಇದಕ್ಕೇ.

ಠಾಣೆಗೆ ಹೋದಾಗ ನೆನಪಿಟ್ಟುಕೊಳ್ಳಿ. 2024ರ ಜುಲೈ 1ರಿಂದ ಹಳೇ ಸಿಆರ್‌ಪಿಸಿ ಇಲ್ಲ, ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ ಬಂದಿದೆ. ಅದರ 173ನೇ ಕಲಮಿನ ಪ್ರಕಾರ ಗಂಭೀರ ಅಪರಾಧದ ದೂರನ್ನು 'ನಮ್ಮ ಸರಹದ್ದಲ್ಲ' ಅಂತ ವಾಪಸ್ಸು ಕಳಿಸೋ ಹಾಗಿಲ್ಲ, ಯಾವ ಠಾಣೆಯಲ್ಲಾದರೂ ತಗೋಬೇಕು. ಎಫ್‌ಐಆರ್ ನಕಲು ಪುಕ್ಕಟೆ ಕೊಡಬೇಕು. ತಗೊಳ್ಳದಿದ್ದರೆ ದೂರನ್ನು ಅಂಚೆಯಲ್ಲಿ ಎಸ್‌ಪಿಯವರಿಗೆ, ಅಲ್ಲೂ ಆಗದಿದ್ದರೆ ಮ್ಯಾಜಿಸ್ಟ್ರೇಟರಿಗೆ. ಈಗ ಹೊಸದೊಂದು ಮಾತು ಕೇಳಿಬರಬಹುದು: 'ಮೂರರಿಂದ ಏಳು ವರ್ಷದೊಳಗಿನ ಶಿಕ್ಷೆಯ ಕೇಸು, ಮೊದಲು ಹದಿನಾಲ್ಕು ದಿನ ಪ್ರಾಥಮಿಕ ವಿಚಾರಣೆ.' ಹೊಸ ಸಂಹಿತೆಯಲ್ಲಿ ಹಾಗೊಂದು ಅವಕಾಶ ಇರೋದು ನಿಜ. ಆದರೆ 1989ರ ದೌರ್ಜನ್ಯ ತಡೆ ಕಾಯ್ದೆಗೆ 2018ರಲ್ಲಿ ಸೇರಿಸಿದ 18ಎ ಕಲಮು, ಎಫ್‌ಐಆರ್ ಹಾಕೋಕೆ ಪ್ರಾಥಮಿಕ ವಿಚಾರಣೆ ಬೇಕಿಲ್ಲ ಅಂತ ಸ್ಪಷ್ಟ ಹೇಳುತ್ತೆ. ಅದೇ ಕಾಯ್ದೆಯ 4ನೇ ಕಲಮಿನಲ್ಲಿ, ಬಾಯಿಂದ ಹೇಳಿದ ದೂರನ್ನು ಬರೆದುಕೊಂಡ ಅಧಿಕಾರಿ ಅದನ್ನು ಓದಿ ಹೇಳಿ ಆಮೇಲೆ ಸಹಿ ಹಾಕಿಸಿಕೊಳ್ಳಬೇಕು ಅಂತ ಇದೆ. ಬೇಕಂತಲೇ ಕರ್ತವ್ಯ ಬಿಟ್ಟ ಅಧಿಕಾರಿಗೆ ಶಿಕ್ಷೆಯೂ ಇದೆ. ಈ ಎರಡು ಕಲಮಿನ ಪ್ರತಿ ನಮ್ಮ ಜೇಬಿನಲ್ಲಿ ಯಾವಾಗಲೂ ಇರುತ್ತೆ. ದನಿ ಎತ್ತಬೇಕಾಗಿಲ್ಲ. ಕಾಗದ ಬಿಡಿಸಿ ಮೇಜಿನ ಮೇಲೆ ಇಟ್ಟರೆ ಸಾಕು. ಎಷ್ಟೋ ಸಲ ದನಿಗಿಂತ ಅದೇ ಕೆಲಸ ಮಾಡಿದೆ.

ಸಾಕ್ಷಿ ಹೇಳೋಕೆ ಬರುವವರಿಗೆ ಪ್ರಯಾಣ ಭತ್ಯೆ, ದಿನಭತ್ಯೆ ಕೊಡಬೇಕು ಅಂತ 1995ರ ನಿಯಮಗಳಲ್ಲಿದೆ. ಕೇಳಿ ಪಡೆದವರನ್ನು ನಾವು ಕಂಡದ್ದು ಬಹಳ ಕಡಿಮೆ. ಕೂಲಿ ಹೋಗುತ್ತೆ ಅಂತಲೇ ಎಷ್ಟೋ ಸಾಕ್ಷಿಗಳು ಕೋರ್ಟಿಗೆ ಬರಲ್ಲ, ಕೇಸು ಬೀಳುತ್ತೆ. ಆಮೇಲೆ 'ಸುಳ್ಳು ಕೇಸು' ಅಂತ ಊರೆಲ್ಲ ಡಂಗುರ.

ಇನ್ನೊಂದು ವಿಷಯ. ಊರಿನವರು ಹಾಕುವ ದಂಡಕ್ಕೆ, ಬಹಿಷ್ಕಾರಕ್ಕೆ ಕಾಗದ ಇರಲ್ಲ. ಬಾಯಲ್ಲೇ ಎಲ್ಲ. 2015ರಲ್ಲಿ ಹೊಳೆನರಸೀಪುರ ತಾಲ್ಲೂಕಿನ ಸಿಗರನಹಳ್ಳಿಯಲ್ಲಿ ಸ್ವಸಹಾಯ ಸಂಘದ ನಮ್ಮ ಹೆಣ್ಣುಮಕ್ಕಳು ಬಸವೇಶ್ವರ ದೇವಸ್ಥಾನದೊಳಗೆ ಹೋದದ್ದಕ್ಕೆ ಸಾವಿರ ರೂಪಾಯಿ ದಂಡ ಹಾಕಿದ ಸುದ್ದಿ ಪತ್ರಿಕೆಗಳಲ್ಲಿ ಬಂದದ್ದು ನಿಮ್ಮ ಅಣ್ಣಂದಿರಿಗೆ ನೆನಪಿರುತ್ತೆ. ದೇವಸ್ಥಾನಕ್ಕೆ ಹೋಗದಂತೆ ತಡೆಯೋದು, ಸಾಮಾಜಿಕ ಬಹಿಷ್ಕಾರ ಹಾಕೋದು 2016ರ ಜನವರಿ 26ರಿಂದ ದೌರ್ಜನ್ಯ ತಡೆ ಕಾಯ್ದೆಯಲ್ಲೇ ಹೆಸರು ಹಿಡಿದು ಅಪರಾಧ. ಆದರೆ ರುಜುವಾತು? ಪಂಚಾಯ್ತಿ ಕರೆದವರು ಯಾರು, ಎಷ್ಟು ಹೊತ್ತಿಗೆ, ಯಾವ ಕಟ್ಟೆಯ ಮೇಲೆ, ಯಾರ ಬಾಯಿಂದ ಯಾವ ಮಾತು ಬಂತು, ದುಡ್ಡು ಯಾರ ಕೈಗೆ ಹೋಯ್ತು, ಅವತ್ತೇ ರಾತ್ರಿ ನೋಟ್ ಬುಕ್ಕಿನಲ್ಲಿ ಬರೆದಿಡಿ. ಕೇರಿಯಲ್ಲಿ ಬರೆಯೋಕೆ ಬರುವವರು ನೀವೇ ತಾನೆ.

'ಅನಾದಿ ಕಾಲದಿಂದ ನಡಕೊಂಡು ಬಂದಿದೆ' ಅಂತ ಅವರು ಹೇಳ್ತಾರೆ. ಮಹಾಡಿನಲ್ಲೂ ಇದನ್ನೇ ಹೇಳಿದ್ದರು. 1927ರ ಮಾರ್ಚಿಯಲ್ಲಿ ಬಾಬಾಸಾಹೇಬರು ಚೌದಾರ್ ಕೆರೆಯ ನೀರು ಮುಟ್ಟಿದರು. ಡಿಸೆಂಬರಿನಲ್ಲಿ ಸವರ್ಣೀಯರು ಕೋರ್ಟಿಗೆ ಹೋದರು, ಅಸ್ಪೃಶ್ಯರು ಈ ನೀರು ಮುಟ್ಟದಿರೋದು ಪುರಾತನ ರೂಢಿ ಅಂತ. ಹತ್ತು ವರ್ಷ ಎಳೆದಾಡಿ 1937ರ ಮಾರ್ಚ್ 17ರಂದು ಬಾಂಬೆ ಹೈಕೋರ್ಟು ತೀರ್ಪು ಕೊಟ್ಟಿತು: ಆ ರೂಢಿ ಅನಾದಿಯದು ಅಂತ ಅವರು ರುಜುವಾತು ಮಾಡಿಲ್ಲ. ನಾವು ಸಾಮಾನ್ಯವಾಗಿ ಕೆರೆಯ ಕತೆ ಹೇಳ್ತೀವಿ, ಆ ಹತ್ತು ವರ್ಷದ ಕಾಗದಪತ್ರದ ಕತೆ ಹೇಳಲ್ಲ. ಬಾಬಾಸಾಹೇಬರು ಎರಡನ್ನೂ ಮಾಡಿದರು.

ಇದನ್ನು ಹೇಳೋಕೆ ಕಾರಣ ಇದೆ. ಚಳವಳಿಯ ಕೆಲವು ಗೆಳೆಯರು ನಮ್ಮನ್ನು ಮೂದಲಿಸ್ತಾರೆ. 'ಕೊರಳಿಗೆ ಸರ್ಕಾರದ ಕಾರ್ಡು ಕಟ್ಟಿಕೊಂಡಿರಿ, ಇನ್ನು ಧರಣಿಗೆ ಯಾಕೆ ಬರ್ತೀರಿ' ಅಂತ. ಮಾತಿನಲ್ಲಿ ಸ್ವಲ್ಪ ನಿಜ ಇದೆ. ಕಾರ್ಡು ಕೊಟ್ಟವರು ಕಿತ್ತುಕೊಳ್ಳಬಹುದು. ನಮ್ಮಲ್ಲೂ ಕೆಲವರು ಅದನ್ನು ತೋರಿಸಿ ಕಚೇರಿಯಲ್ಲಿ ಕುರ್ಚಿ ಹಿಡಿದು ದಲ್ಲಾಳಿ ಕೆಲಸಕ್ಕೆ ಇಳಿದದ್ದೂ ಉಂಟು. ಅಂಥವರು ಕಂಡರೆ ಪ್ರಾಧಿಕಾರಕ್ಕೆ ಬರೆಯಿರಿ. ನಮ್ಮ ಮೇಲೂ ಬರೆಯಿರಿ. ಆದರೆ ಧರಣಿ ಕೂತು ತಂದ ತಿದ್ದುಪಡಿಯನ್ನು ಆ ತಾತನ ಎರಡು ಎಕರೆಗೆ ಮುಟ್ಟಿಸೋಕೆ ಯಾರಾದರೂ ಒಬ್ಬರು ಅರ್ಜಿ ಬರೆಯಲೇಬೇಕು. ದಕ್ಷಿಣ ಆಫ್ರಿಕಾದಲ್ಲಿ ವರ್ಣಭೇದದ ಕಾಲದಲ್ಲಿ ಪಾಸ್ ಕಾನೂನಿಗೆ ಸಿಕ್ಕಿಬಿದ್ದ ಕರಿಯರಿಗೆ ಸಲಹಾ ಕಚೇರಿಗಳಲ್ಲಿ ಕೂತು ಅರ್ಜಿ ಬರೆದುಕೊಟ್ಟವರೂ ವಕೀಲರೇ ಆಗಿರಲಿಲ್ಲ. ಕಾರ್ಡು ಇಲ್ಲದೆಯೂ ಈ ಕೆಲಸದ ಮುಕ್ಕಾಲು ಪಾಲು ಮಾಡಬಹುದು. ಕಾರ್ಡು ಇದ್ದರೆ ಠಾಣೆಯಲ್ಲಿ 'ನೀನ್ಯಾರಯ್ಯ' ಅನ್ನೋ ಪ್ರಶ್ನೆಗೆ ಉತ್ತರ ಸಿಗುತ್ತೆ.

ಬೇಕು ಅನ್ನುವವರಿಗೆ: ರಾಷ್ಟ್ರೀಯ ಕಾನೂನು ಸೇವಾ ಪ್ರಾಧಿಕಾರದ ಈ ಯೋಜನೆ 2009ರದು. ಎಸ್‌ಎಸ್‌ಎಲ್‌ಸಿ ಮಟ್ಟದ ಓದು ಇದ್ದರೆ ನಡೆಯುತ್ತೆ. ಪ್ರಾಧಿಕಾರದ ಪ್ರಕಟಣೆ ಬಂದಾಗ ಅರ್ಜಿ ಹಾಕಬೇಕು, ಆಯ್ಕೆಯಾದರೆ ತರಬೇತಿ ಕೊಡ್ತಾರೆ. ಕಾನೂನು ಓದುವ ವಿದ್ಯಾರ್ಥಿಗಳು ಮಾತ್ರ ಅಂತ ಇಲ್ಲ. ಅಂಗನವಾಡಿ ಕಾರ್ಯಕರ್ತೆಯರು, ನಿವೃತ್ತ ಮೇಷ್ಟ್ರು, ಸ್ವಸಹಾಯ ಸಂಘದವರು, ಜೈಲಿನಲ್ಲಿ ದೀರ್ಘ ಶಿಕ್ಷೆ ಅನುಭವಿಸುತ್ತಿರುವ ಓದಿದ ಕೈದಿಗಳೂ ಆಗಬಹುದು.

ತಾತನ ಅರ್ಜಿ ಏನಾಯ್ತು ಅಂತ ಕೇಳ್ತೀರಿ. ನಾಲ್ಕನೇ ಸಲ ಕೊಟ್ಟೆವು. ಮೊಹರು ಬಿದ್ದಿದೆ, ನೋಟೀಸು ಹೋಗಿದೆ, ವಾಯಿದೆ ನಡೀತಿದೆ. ಗೆಲ್ತೀವಿ ಅಂತ ಅವನಿಗೆ ನಾವು ಹೇಳಿಲ್ಲ. ಮೊಹರು ಬಿದ್ದ ಪ್ರತಿಯನ್ನು ಮಾತ್ರ ಅದೇ ಪ್ಲಾಸ್ಟಿಕ್ ಚೀಲದಲ್ಲಿ, ಸಾಗುವಳಿ ಚೀಟಿಯ ಮೇಲೆ ಇಟ್ಟುಕೊಂಡು ಹೋದ.

ಮಾತು ಸಾಕು. ಬಿಳಿ ಹಾಳೆ, ಕಾರ್ಬನ್ ಕಾಗದ ತಂದಿದ್ದೇವೆ. ಊಟ ಆದ ಮೇಲೆ ನಾಲ್ಕು ನಾಲ್ಕು ಜನ ಕೂತುಕೊಳ್ಳಿ. ಒಬ್ಬರು ದೂರು ಹೇಳೋರು, ಒಬ್ಬರು ಬರೆಯೋರು, ಒಬ್ಬರು 'ಇಟ್ಟೋಗು' ಅನ್ನೋ ಗುಮಾಸ್ತೆ. ನಾಲ್ಕನೆಯವರು ಸುಮ್ಮನೆ ನೋಡ್ತಾ, ಏನು ಬಿಟ್ಟುಹೋಯ್ತು ಅಂತ ಬರೆದುಕೊಳ್ಳಿ. ಹುಡುಗಿಯರು ಮುಂದಿನ ಸಾಲಿಗೆ ಬನ್ನಿ.